ಪಲ್ಪರ್ ಆಚಾರ್ರು ತೀರಿಕೊಂಡರು: ಅವರ ಕೆಲಸ ಕಂಡವರು ದಯವಿಟ್ಟು ಬರೆಯಿರಿ

ಆಚಾರ್ರ ಹಿರಿಮಗಳು

ಚಿಕ್ಕಮಗಳೂರು, ಮೂಡಿಗೆರೆ, ಕೊಪ್ಪ ಕಡೆ ಕಾಫಿ ತೋಟ ಇರುವವರಿಗೆ ‘ಪಲ್ಪರ್ ಆಚಾರ್ರು’ ಅಂದರೆ ತಟ್ಟನೆ ಗೊತ್ತಾಗುತ್ತೆ. ಅವರು ನಮ್ಮಪ್ಪ. ಕಾಫಿ ಹಣ್ಣಿನ ಸಿಪ್ಪೆ ಸುಲಿದು ಬೀಜ ಬೇರೆ ಮಾಡುವ ಪಲ್ಪರ್ ಮೆಷಿನ್‍ಗಳ ರಿಪೇರಿ ಅವರ ಕೆಲಸ. ಕಳೆದ ತಿಂಗಳು ತೀರಿಕೊಂಡರು. 74 ವರ್ಷ ಆಗಿತ್ತು. ಕಾರ್ಯಗಳೆಲ್ಲ ಮುಗಿದವು, ನೆಂಟರು ಹೊರಟರು. ಈಗ ನಾನೂ ತಂಗಿಯೂ ಅವರ ಶೆಡ್ಡಿನ ಬಾಗಿಲು ತೆಗೆದು ಒಂದೊಂದೇ ಸಾಮಾನು ನೋಡ್ತಾ ಇದೀವಿ.

ಮನೆಯೊಳಗಿನ ಅಪ್ಪನನ್ನು ನಾವು ಚೆನ್ನಾಗಿ ಬಲ್ಲೆವು. ಅಮ್ಮ ಅಂಗನವಾಡಿಗೆ ಬೆಳಿಗ್ಗೆ ಬೇಗ ಹೊರಡಬೇಕಿತ್ತು, ಹಾಗಾಗಿ ನಮ್ಮಿಬ್ಬರ ಜಡೆ ಅಪ್ಪನ ಪಾಲಿಗೆ. ಹಿಂದಿನ ದಿನದ ಗ್ರೀಸು ಉಗುರಿನ ಸಂದಿಯಲ್ಲಿ ಉಳಿದಿರುತ್ತಿತ್ತು. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಮರದ ಹೊಟ್ಟಿನಲ್ಲಿ ಉಜ್ಜಿ, ಸೋಪು ಹಾಕಿ ತೊಳೆದು, ಕೈ ಮೂಸಿ ನೋಡಿಕೊಂಡು, ಇನ್ನೂ ವಾಸನೆ ಇದ್ದರೆ ಮತ್ತೆ ತೊಳೆದು, ಆಮೇಲೆ ಬಾಚಣಿಗೆ ಹಿಡಿಯೋರು. ಅವರು ಹೆಣೆದ ಜಡೆ ಸಂಜೆ ಸ್ಕೂಲು ಬಿಡುವ ತನಕ ಒಂದು ಎಳೆಯೂ ಸಡಿಲ ಆಗ್ತಿರಲಿಲ್ಲ.

ಆದರೆ ತೋಟಗಳಿಗೆ ಹೋಗಿ ಏನು ಮಾಡ್ತಿದ್ದರು, ಹೇಗೆ ಮಾಡ್ತಿದ್ದರು ಅನ್ನೋದು ನಮಗೆ ಅಷ್ಟಾಗಿ ಗೊತ್ತಿಲ್ಲ. ಕೆಲಸದ ಮಾತು ಮನೆಗೆ ತರುವ ಅಭ್ಯಾಸ ಅವರಿಗಿರಲಿಲ್ಲ. ಈಗ ಪೆಟ್ಟಿಗೆ ತೆಗೆದರೆ ಅರ್ಥ ಆಗದ ಸಾಮಾನುಗಳೇ ಜಾಸ್ತಿ. ಒಂದು ರಾಳದ ಉಂಡೆ. ಹಳೆ ಲಗ್ನಪತ್ರಿಕೆಗಳಿಂದ ಕತ್ತರಿಸಿದ ಉದ್ದುದ್ದ ಪಟ್ಟಿಗಳು, ದಪ್ಪದ ಪ್ರಕಾರ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಟ್ಟಿದ್ದಾರೆ. ಒಂದು ಕೆಂಪು ರಟ್ಟಿನ ಪುಸ್ತಕ. ಪುಟಕ್ಕೊಂದು ತೋಟದ ಹೆಸರು, ಅದರ ಕೆಳಗೆ ‘ಮೇ 3 – ಕೆ 1 – ರೊ ಬಂದರೆ ಕೆ ಅರ್ಧ’ ಈ ತರ ಬರಹ. ಯಾರಾದರೂ ಬಲ್ಲವರು ತಿಳಿಸಿ. ಅಪ್ಪನ ಕೆಲಸ ಕಣ್ಣಾರೆ ಕಂಡಿದ್ದರೆ ಅದನ್ನೂ ಬರೆಯಿರಿ. ಅಮ್ಮನಿಗೆ ಓದಿ ಹೇಳ್ತೀವಿ.

ಆಲ್ದೂರಿನ ಬೆಳೆಗಾರ

ಸುದ್ದಿ ಓದಿ ಬಹಳ ನೋವಾಯಿತಮ್ಮ. ನಮ್ಮ ಮನೆಯಲ್ಲಿ ಅವರ ಹೆಸರು ಹೇಳದೆ ಕೊಯ್ಲು ಶುರುವಾದದ್ದೇ ಇಲ್ಲ.

ನಮ್ಮದು ಸಣ್ಣ ತೋಟ. ತಂದೆಯವರ ಕಾಲದಲ್ಲಿ ಹಣ್ಣು ಕುಯ್ದು, ಕಣದಲ್ಲಿ ಹಾಗೇ ಒಣಗಿಸಿ, ಚೆರಿ ಮಾಡಿ ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಮಾರುತ್ತಿದ್ದ ಕಾಫಿ ಬೋರ್ಡಿನ ಪೂಲಿಗೆ ಹಾಕುವುದು, ದುಡ್ಡು ಕಂತಿನಲ್ಲಿ ಬರುವುದನ್ನು ಕಾಯುವುದು, ಅಷ್ಟೇ ವ್ಯವಹಾರ. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಗಿಡಗಳು ಸುಟ್ಟುಹೋದಾಗ ಬೆಲೆ ಏರಿತು. 1996ರ ಹೊತ್ತಿಗೆ ಮಾರಾಟವೂ ಪೂರ್ತಿ ಮುಕ್ತವಾಯಿತು. ಆಗ ನಮ್ಮಂಥವರಿಗೂ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಸುಲಿದು, ತೊಳೆದು ಒಣಗಿಸಿದ ಬೀಜ) ಮಾಡಿ ನಾಲ್ಕು ಕಾಸು ಹೆಚ್ಚು ನೋಡುವ ಆಸೆ ಹುಟ್ಟಿತು. ದೊಡ್ಡ ತೋಟವೊಂದು ಮಾರಾಟಕ್ಕಿಟ್ಟ ಹಳೆಯ ಡ್ರಮ್ ಪಲ್ಪರನ್ನು ತಂದೆಯವರು ತಂದರು.

ಮೊದಲ ದಿನವೇ ಗ್ರಹಚಾರ. ಬೀಜ ಹೊರಬರುವ ಕಡೆ ನೋಡಿದರೆ ಅರ್ಧಕ್ಕರ್ಧ ಗಾಯವಾದ ಬೀಜ. ಸ್ಕ್ರೂ ಸಡಿಲಿಸಿದರೆ ಹಣ್ಣು ಸುಲಿಯದೆ ಹಾಗೇ ಜಾರಿ ಬರುತ್ತಿತ್ತು, ಬಿಗಿ ಮಾಡಿದರೆ ಮತ್ತೆ ಬೀಜಕ್ಕೆ ಗಾಯ. ತಿಳಿಯದವರಿಗಾಗಿ ಹೇಳುತ್ತೇನೆ: ಗಾಯವಾದ ಬೀಜ ಅಂಟು ಬಿಡಲು ತೊಟ್ಟಿಯಲ್ಲಿ ಹುದುಗುವಾಗ ಒಳಗಿನಿಂದ ಕೆಡುತ್ತದೆ, ಒಣಗಿದ ಮೇಲೆ ಕಪ್ಪಗೆ ಗುರುತು ಉಳಿಯುತ್ತದೆ, ಕ್ಯೂರಿಂಗ್‌ನಲ್ಲಿ (ಬೀಜ ಹಸನು ಮಾಡಿ ವಿಂಗಡಿಸುವ ಕಾರ್ಖಾನೆಯಲ್ಲಿ) ಅದನ್ನು ಬೇರೆ ಮಾಡಿ ಬೆಲೆ ಕಡಿಯುತ್ತಾರೆ. ಹಣ್ಣನ್ನು ನಾಳೆಗೆ ಇಟ್ಟುಕೊಳ್ಳೋಣ ಅಂದರೆ ಅದೂ ಆಗದು, ಕುಯ್ದ ದಿನವೇ ಪಲ್ಪ್ ಆಗಬೇಕು.

ಯಾರೋ ಹೇಳಿದರೆಂದು ಚಿಕ್ಕಮಗಳೂರಿಗೆ ಜೀಪು ಕಳಿಸಿ ಆಚಾರ್ರನ್ನು ಕರೆಸಿದೆವು. ಬಂದವರು ಮೆಷಿನ್ ಕಡೆ ನೋಡಲೇ ಇಲ್ಲ. ಬೀಜ ಬೀಳುವ ಕಾಲುವೆಗೆ ಕೈ ಹಾಕಿ ಒಂದು ಬೊಗಸೆ ಎತ್ತಿ ಹೆಗಲ ಮೇಲಿನ ಟವೆಲಿನಲ್ಲಿ ಹರಡಿದರು. ಸಿಪ್ಪೆ ಬೀಳುವ ಕಡೆ ಹೋಗಿ ಅಲ್ಲಿಂದ ಒಂದು ಬೊಗಸೆ. ಸಿಪ್ಪೆಯಲ್ಲಿ ಸೇರಿಹೋದ ಬೀಜಗಳನ್ನು ಒಂದೊಂದಾಗಿ ಆರಿಸಿ ಪಕ್ಕಕ್ಕಿಟ್ಟರು. ಹೆಬ್ಬೆರಳಿನಿಂದ ಬೀಜ ಹೊರಳಿಸಿ ಗಾಯ ಯಾವ ಕಡೆ ಆಗಿದೆ ನೋಡಿದರು. ಆಮೇಲೆ ಎಂಜಿನ್ ನಿಲ್ಲಿಸಿ ಅಂದು, ಡ್ರಮ್ಮಿನ ದಂಡವನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆತ್ತಿದರು. ಅದು ಕೂದಲೆಳೆಯಷ್ಟು ಅಲುಗಿತು. ನಮಗೆ ಯಾರಿಗೂ ಕಾಣಲಿಲ್ಲ, ಅವರ ಕೈಗೆ ಗೊತ್ತಾಯಿತು.

‘ದಂಡ ಕೂರೋ ಬಳೆ, ಬುಶ್, ಸವೆದಿದೆ. ಡ್ರಮ್ಮೇ ಓಲಾಡ್ತಿರುವಾಗ ನೀವು ಸ್ಕ್ರೂ ತಿರುಗಿಸಿ ಏನು ಪ್ರಯೋಜನ’ ಅಂದರು. ಅಳತೆ ತೆಗೆದುಕೊಂಡು ಹೋಗಿ, ಗನ್‌ಮೆಟಲ್‌ನಲ್ಲಿ ಬುಶ್ ಕಡೆದು, ಮರುದಿನ ಮೊದಲ ಬಸ್ಸಿಗೆ ತಂದು ಕೂರಿಸಿದರು. ಆ ಪಲ್ಪರ್ ಈಗಲೂ ನಮ್ಮಲ್ಲಿ ಓಡುತ್ತಿದೆ.

ಬಸವನಹಳ್ಳಿಯವ

ಆತ್ಮಕ್ಕೆ ಸದ್ಗತಿ ಸಿಗಲಿ. ಆಯುಧಪೂಜೆ ದಿನ ಅವರ ಶೆಡ್ಡಿನ ಮುಂದೆ ಹೋದ ಮಕ್ಕಳಿಗೆಲ್ಲ ಪುರಿ, ಕಡಲೆ, ಬಾಳೆಹಣ್ಣು. ಕರೆದು ಕೊಡೋರು.

ಲೇತ್ ಶಿಷ್ಯ

ಅಕ್ಕಾ, ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಸೀದಾ ನಿಮ್ಮ ಶೆಡ್ಡಿಗೆ ಬಂದವನು. ನನಗೆ ಚಿಮಟ ಹಿಡಿಯೋಕೆ ಕಲಿಸಿದ್ದೇ ಅವರು. ಆ ಲಗ್ನಪತ್ರಿಕೆ ಪಟ್ಟಿ ವಿಷಯ ನಾನು ಹೇಳ್ತೀನಿ.

ಪಲ್ಪರ್ ಡ್ರಮ್ಮಿಗೆ ಸುತ್ತಿರೋದು ತಾಮ್ರದ ತಗಡು. ಅದರ ಮೈ ತುಂಬ ಬುಗುಟು ಎದ್ದಿರುತ್ತೆ. ಎದುರಿಗೆ ಚಾಪ್ ಅನ್ನೋ ಲೋಹದ ತಡೆ ಇರುತ್ತೆ, ಮೇಲೊಂದು ಕೆಳಗೊಂದು. ಹಣ್ಣು ಡ್ರಮ್ಮಿಗೂ ಚಾಪಿಗೂ ನಡುವೆ ಸಿಕ್ಕಿ ಹಿಂಡಿಕೊಂಡಾಗ ಬೀಜ ಈ ಕಡೆ, ಸಿಪ್ಪೆ ಬುಗುಟಿಗೆ ಸಿಕ್ಕಿ ಆ ಕಡೆ. ಮೇಲಿನ ಚಾಪ್ ಸ್ವಲ್ಪ ದೂರ ಇರಬೇಕು, ಕೆಳಗಿಂದು ತಗಡಿಗೆ ತಾಗಿಯೂ ತಾಗದ ಹಾಗೆ. ಸಿಪ್ಪೆ ನುಸುಳಬೇಕು, ಬೀಜ ನುಸುಳಬಾರದು. ಈ ಸಂದಿ ಅಳೆಯೋ ಕಂಪನಿ ಗೇಜು ಇತ್ತು ಅವರ ಹತ್ರ. ಆದರೆ ಉಕ್ಕಿನ ಗೇಜು ತಾಮ್ರದ ಬುಗುಟಿಗೆ ತಾಗಿ ಗೀರು ಬೀಳುತ್ತೆ ಅಂತ ಅದನ್ನ ಒಳಗೆ ಬಿಡ್ತಿರಲಿಲ್ಲ. ಕಾರ್ಡಿನ ಪಟ್ಟಿ ಬಿಟ್ಟು, ಡ್ರಮ್ ಕೈಯಲ್ಲಿ ತಿರುಗಿಸ್ತಾ, ಪಟ್ಟಿ ಎಳೆದಾಗ ಎಷ್ಟು ಬಿಗಿ ಬರುತ್ತೆ ನೋಡೋರು. ಲಗ್ನಪತ್ರಿಕೆ ಕಾಗದ ಗಟ್ಟಿ, ಒದ್ದೆ ಕೈಗೂ ಬೇಗ ಮೆತ್ತಗಾಗಲ್ಲ.

ಪುಸ್ತಕದಲ್ಲಿ ‘ಮೇ 3’ ಅಂದ್ರೆ ಮೇಲಿನ ಚಾಪಿಗೆ ಮೂರು ಪಟ್ಟಿ. ‘ಕೆ 1’ ಅಂದ್ರೆ ಕೆಳಗಿನದಕ್ಕೆ ಒಂದು. ‘ರೊ’ ಅಂದ್ರೆ ರೊಬಸ್ಟಾ ಜಾತಿ ಕಾಫಿ. ಅದರ ಹಣ್ಣು ಅರೇಬಿಕಾಗಿಂತ ಸಣ್ಣದು, ಸಿಪ್ಪೆ ಬಿಗಿ. ಅದಕ್ಕೇ ‘ರೊ ಬಂದರೆ ಕೆ ಅರ್ಧ’. ತೆಳ್ಳಗಿನ ಕಟ್ಟಿನ ಪಟ್ಟಿ ಹಾಕು ಅಂತ. ರಾಳ ಬೆಲ್ಟಿಗೆ. ಕ್ಯಾನ್ವಾಸ್ ಬೆಲ್ಟ್ ನೀರು ಹೀರಿ ಜಾರೋಕೆ ಶುರುವಾದ್ರೆ ಉಂಡೆ ಸವರಿದ್ರೆ ಹಿಡಿತ ಬರುತ್ತೆ.

ನನಗೆ ಮೊದಲ ವರ್ಷ ಪೂರ್ತಿ ಬರೀ ಪಲ್ಪರ್ ತೊಳೆಯೋ ಕೆಲಸ. ಬೇಜಾರಾಗ್ತಿತ್ತು. ಆಮೇಲೆ ತಿಳೀತು. ಸಂಜೆ ಮೆಷಿನ್ ಒಳಗೆ ನಾಲ್ಕು ಬೀಜ ಸಿಕ್ಕಿಹಾಕಿಕೊಂಡು ರಾತ್ರಿಯೆಲ್ಲ ಕೊಳೆತರೆ, ಬೆಳಿಗ್ಗೆ ಅವು ಹೊಸ ಬೀಜದ ಜೊತೆ ತೊಟ್ಟಿಗೆ ಹೋಗ್ತವೆ. ಆಚಾರ್ರು ಅದನ್ನ ಸ್ಟಿಂಕರ್ ಅಂತ ಇಂಗ್ಲಿಷಲ್ಲೇ ಹೇಳೋರು. ಕೆಟ್ಟ ವಾಸನೆ ಬೀಜ. ಒಂದು ಕಪ್ ಕಾಫಿಗೆ ಒಂದೇ ಬಿದ್ದರೂ ಕುಡಿದವನಿಗೆ ಗೊತ್ತಾಗುತ್ತೆ. ಎಲ್ಲೆಲ್ಲಿ ಬೀಜ ಅಡಗುತ್ತೆ ಅಂತ ತೊಳೆದು ತೊಳೆದೇ ನಾನು ಮೆಷಿನ್ ಕಲಿತದ್ದು.

ಆಚಾರ್ರ ಹಿರಿಮಗಳು

ಇದನ್ನ ಓದಿ ತಂಗಿ ಎದ್ದು ಹೋಗಿ ಪಟ್ಟಿಗಳನ್ನ ತಂದು ಮೇಜಿನ ಮೇಲೆ ಹರಡಿದಳು. ನೆಂಟರ ಮನೆ ಮದುವೆ ಪತ್ರಿಕೆ ಎಸೆಯೋಕೆ ಹೋದರೆ ಅಪ್ಪ ‘ಇರಲಿ ಬಿಡು’ ಅನ್ನೋರು. ನಾವು ಅಭಿಮಾನಕ್ಕೆ ಇಟ್ಟುಕೊಳ್ತಾರೆ ಅಂದುಕೊಂಡಿದ್ದೆವು. ದಪ್ಪನೆ ಕಟ್ಟಿನಲ್ಲಿ ನನ್ನ ಮದುವೆಯದೂ ಇದೆ. ನನ್ನ ಹೆಸರಿನ ಅರ್ಧ ಭಾಗದಲ್ಲಿ ಹಣ್ಣಿನ ಅಂಟಿನ ಕಲೆ. ಆ ಪತ್ರಿಕೆ ಆರಿಸುವಾಗ ಅಂಗಡಿಯಲ್ಲಿ ಅಪ್ಪ ಕಾಗದವನ್ನು ಬೆರಳಲ್ಲಿ ಹಿಡಿದು ಬಗ್ಗಿಸಿ ನೋಡಿದ್ದು ಈಗ ನೆನಪಾಗ್ತಿದೆ.

ಕಳಸ ಕಡೆಯವಳು

ನನಗೆ ಇಷ್ಟೆಲ್ಲ ಬರೆದು ರೂಢಿ ಇಲ್ಲ. ಆದರೂ ಹೇಳಲೇಬೇಕು.

ನಮ್ಮಮ್ಮ ತೋಟದ ಕೂಲಿ. ನಾವು ಕೂಲಿಯವರ ಲೈನ್ ಮನೆಯಲ್ಲಿ ಇದ್ದವರು. ಹಣ್ಣಿನ ಕಾಲದಲ್ಲಿ ಸಂಜೆ ಪಲ್ಪರ್ ಹೌಸಿನಲ್ಲಿ ಹಣ್ಣು ಸುರಿಯೋದು, ಕಾಲುವೆ ಗುಡಿಸೋದು ಹೆಂಗಸರ ಕೆಲಸ. ಎಂಜಿನ್ನಿಂದ ಪಲ್ಪರಿಗೆ ಉದ್ದನೆ ಬೆಲ್ಟ್, ಅದಕ್ಕೆ ಅಡ್ಡ ಏನೂ ಇರಲಿಲ್ಲ. ಸೀರೆ ಸೆರಗು, ತಲೆವಸ್ತ್ರ ಗಾಳಿಗೆ ಹಾರಿದರೆ ಗತಿ ಏನು. ಒಂದು ವರ್ಷ ಒಬ್ಬರ ಸೆರಗು ಸಿಕ್ಕಿ ಎಳೆದು, ಪುಣ್ಯಕ್ಕೆ ಬಟ್ಟೆ ಹರಿದು ಉಳಿದುಕೊಂಡರು.

ಮರುವರ್ಷ ಆಚಾರ್ರು ಹೊಸ ತಗಡು ಸುತ್ತೋಕೆ ಬಂದಾಗ ಯಾರೋ ಈ ಸುದ್ದಿ ಹೇಳಿದರು. ಅವರು ಕೆಲಸ ಮುಗಿಸಿ ಬೆಲ್ಟ್ ಹಾಕದೆ ಕೂತರು. ಮ್ಯಾನೇಜರ್ ಬಂದು ಕೂಗಾಡಿದ. ಹಣ್ಣು ಸುರಿದಿದೆ, ಕೆಡ್ತದೆ ಅಂದ. ‘ಜಾಲರಿ ಹಾಕ್ಸಿ, ಬೆಲ್ಟ್ ಹಾಕ್ತೀನಿ. ನನಗೂ ಇಬ್ಬರು ಹೆಣ್ಣುಮಕ್ಕಳಿದಾರೆ’ ಅಂದರು. ಕೊನೆಗೆ ಕೋಳಿಗೂಡಿನ ಮೆಶ್ ತರಿಸಿ, ಚೌಕಟ್ಟು ಮಾಡಿ, ಅವರೇ ಕಟ್ಟಿದರು. ಕತ್ತಲಾಗಿತ್ತು. ನಮ್ಮಮ್ಮ ಸೀಮೆಎಣ್ಣೆ ಬುಡ್ಡಿ ಹಿಡಿದು ನಿಂತಿದ್ದಳು, ನಾನು ಅವಳ ಪಕ್ಕ. ಆ ಜಾಲರಿ ಕೆಲಸಕ್ಕೆ ಅವರಿಗೆ ಒಂದು ರೂಪಾಯಿ ಕೊಡಲಿಲ್ಲ ಅಂತ ಆಮೇಲೆ ತೋಟದ ಲೆಕ್ಕ ಬರೆಯೋ ರೈಟರು ಹೇಳಿದರು. ಮಾರನೇ ವರ್ಷದಿಂದ ಅವರನ್ನ ಕರೆಯೋದೂ ಬಿಟ್ಟರು. ಜಾಲರಿ ಮಾತ್ರ ತೆಗೀಲಿಲ್ಲ.

ಅಮ್ಮ ಈಗಲೂ ಆಚಾರ್ರು ಅಂದರೆ ಕೈ ಮುಗೀತಾಳೆ.

ಆಚಾರ್ರ ಹಿರಿಮಗಳು

ಅಮ್ಮನಿಗೂ ಈ ಸಂಗತಿ ಗೊತ್ತಿರಲಿಲ್ಲ. ಒಂದು ಹಣ್ಣಿನ ಕಾಲದಲ್ಲಿ ದುಡ್ಡಿಗೆ ತುಂಬ ಬಿಗಿ ಆಗಿತ್ತು, ಕಾರಣ ಕೇಳಿದರೆ ‘ಒಂದು ತೋಟ ಬಿಟ್ಟೆ’ ಅಂದಿದ್ದರಂತೆ, ಅಷ್ಟೇ. ನಿಮ್ಮ ಅಮ್ಮನಿಗೆ ನಮ್ಮ ಅಮ್ಮನ ನಮಸ್ಕಾರ ತಿಳಿಸಿ.

ಕೊಪ್ಪದ ಬಸ್ಸಿನವ

ನಾನು ಸಹಕಾರ ಸಾರಿಗೆಯಲ್ಲಿ ಕಂಡಕ್ಟರ್ ಆಗಿದ್ದವನು. 1991ರಲ್ಲಿ ಕಾರ್ಮಿಕರೇ ಸೇರಿ ಕಟ್ಟಿದ ಸಂಸ್ಥೆ, ಈಗ ಇಲ್ಲ. ಡಿಸೆಂಬರ್, ಜನವರಿ ಬಂತೆಂದರೆ ಆಚಾರ್ರು ನಮ್ಮ ಬಸ್ಸಿನ ಖಾಯಂ ಗಿರಾಕಿ. ತಾಮ್ರದ ತಗಡಿನ ಸುರುಳಿಯನ್ನು ಗೋಣಿಯಲ್ಲಿ ಸುತ್ತಿ, ಟಾಪಿಗೆ ಹಾಕೋಕೆ ಬಿಡದೆ ಕಾಲಿನ ಮಧ್ಯೆ ನಿಲ್ಲಿಸಿಕೊಂಡು ಕೂರೋರು. ಬುಗುಟು ಜಜ್ಜಿದರೆ ತಗಡು ಮೂಲೆಗೆ ಅನ್ನೋರು.

ತೋಟದವರು ರಾತ್ರಿ ಇಲ್ಲೇ ಇರಿ, ಊಟ ಹಾಸಿಗೆ ಎಲ್ಲ ಇದೆ ಅಂತ ಎಷ್ಟು ಹೇಳಿದರೂ ಅವರು ಕೊನೆ ಬಸ್ಸಿಗೆ ಬಂದು ನಿಂತಿರೋರು. ಬಾಳೆಹೊನ್ನೂರು ದಾಟಿದ ಮೇಲೆ ಚಳಿಗೆ ಬಸ್ಸಿನಲ್ಲಿ ಎಲ್ಲರೂ ಮುದುಡಿ ಕೂತಿದ್ದರೆ, ಇವರು ಮಾತ್ರ ಕಂಬಿಗೆ ತಲೆ ಆನಿಸಿ ನಿದ್ದೆ. ಕೈಯಲ್ಲಿ ಮಾತ್ರ ಏನಾದರೊಂದು ಪೊಟ್ಟಣ. ಒಂದು ದಿನ ಕಿತ್ತಳೆ, ಒಂದು ದಿನ ಚಕ್ಕೋತ. ‘ಮಕ್ಕಳು ಎದ್ದಿರಲ್ಲ ಆಚಾರ್ರೇ, ಬೆಳಿಗ್ಗೆ ಹೋದರಾಗದಾ’ ಅಂತ ಕೇಳಿದೆ ಒಮ್ಮೆ. ‘ಬೆಳಿಗ್ಗೆ ಜಡೆ ಹಾಕ್ಬೇಕಲ್ಲ’ ಅಂದಿದ್ದರು. ಆಗ ಅರ್ಥ ಆಗಿರಲಿಲ್ಲ, ಮೇಲೆ ಮಗಳು ಬರೆದದ್ದು ನೋಡಿ ಈಗ ಗೊತ್ತಾಯಿತು.

ಹಾಸನದ ಸರ್ವಿಸ್ ಎಂಜಿನಿಯರ್

ಎಲ್ಲರೂ ಬರೆದದ್ದು ಓದಿದೆ. ನಾನು ಹೊಸ ಇಕೋ ಪಲ್ಪರ್‌ಗಳ ಸರ್ವಿಸ್ ಮಾಡುವವನು. ಆಚಾರ್ರನ್ನು ಭೇಟಿಯಾದದ್ದು ಮೂಡಿಗೆರೆ ಕಡೆಯ ಒಂದು ತೋಟದಲ್ಲಿ, ನಾವು ಹೊಸ ಮೆಷಿನ್ ಕೂರಿಸುವಾಗ. ಆಚಾರ್ರು ನೋಡಿಕೊಳ್ಳುತ್ತಿದ್ದ ಹಳೆ ಡ್ರಮ್ ಪಲ್ಪರನ್ನು ತೋಟದವರು ಆ ದಿನ ಹೊರಗೆ ಹಾಕಿದ್ದರು. ಬೇಜಾರು ಮಾಡಿಕೊಂಡಿರ್ತಾರೆ ಅಂತ ನಾನು ದೂರವೇ ಇದ್ದೆ. ಅವರೇ ಹತ್ತಿರ ಬಂದು ‘ಮುಚ್ಚಳ ತೆಗೀರಿ, ನೋಡೋಣ’ ಅಂದರು.

ಅವರ ಮೊದಲ ಪ್ರಶ್ನೆ ನೀರಿನ ಬಗ್ಗೆ. ಹಳೆ ಪದ್ಧತಿಯಲ್ಲಿ ಪಲ್ಪ್ ಮಾಡಿದ ಅರೇಬಿಕಾ ಬೀಜ ತೊಟ್ಟಿಯಲ್ಲಿ 24ರಿಂದ 36 ಗಂಟೆ ಹುದುಗಿ ಅಂಟು ಬಿಡಬೇಕು, ಆಮೇಲೆ ನೀರು ಹಾಯಿಸಿ ಹಾಯಿಸಿ ತೊಳೀಬೇಕು. ಹೊಸದರಲ್ಲಿ ಅಂಟನ್ನು ಮೆಷಿನ್ನೇ ಉಜ್ಜಿ ತೆಗೆಯುತ್ತೆ, ನೀರು ಅದರ ಒಂದು ಸಣ್ಣ ಪಾಲು ಸಾಕು. ಇದನ್ನ ಹೇಳಿದಾಗ ಅವರು ‘ಹಾಗಾದ್ರೆ ಹಳ್ಳದ ಮೀನು ಉಳೀತವೆ’ ಅಂದರು. ಪಲ್ಪರ್ ನೀರು ಹಳ್ಳಕ್ಕೆ ಬಿಟ್ಟ ವಾರ ಕೆಳಗಿನವರು ಮೂಗು ಮುಚ್ಚಿಕೊಂಡು ಓಡಾಡುವುದನ್ನು ಅವರು ನೋಡಿದ್ದರು. ಹಳೆಯದೇ ಚೆಂದ ಅನ್ನುವ ಮಾತು ಅವರ ಬಾಯಲ್ಲಿ ಬರಲಿಲ್ಲ.

ಒಂದು ಮಾತು ಮಾತ್ರ ಹೇಳಬೇಕು, ತಪ್ಪು ತಿಳಿಯಬೇಡಿ. ಈಗ ಸೆಟ್ಟಿಂಗ್ ಕಾರ್ಖಾನೆಯಲ್ಲೇ ಆಗಿ ಬರುತ್ತೆ. ಕೈಯಲ್ಲಿ ಬೀಜ ಹಿಡಿದು ನೋಡುವ ಆ ಕೆಲಸ ಇನ್ನು ಹೆಚ್ಚು ಕಾಲ ಬೇಕಾಗಲಿಕ್ಕಿಲ್ಲ.

ಆಲ್ದೂರಿನ ಬೆಳೆಗಾರ

ಎಂಜಿನಿಯರ್ ಅವರೇ, ಮೊದಲರ್ಧ ಒಪ್ಪಿದೆ. ಕೊನೆಯ ಮಾತು ಒಪ್ಪಲಾರೆ.

2021ರ ಜನವರಿ ನೆನಪಿದೆಯಲ್ಲ? ಕೊಯ್ಲಿನ ನಡುವೆ ಮಳೆ ಸುರಿಯಿತು. ಗಿಡದಲ್ಲಿದ್ದ ಹಣ್ಣು ಬಿರಿಯಿತು, ಉದುರಿತು, ಕಣದಲ್ಲಿದ್ದದ್ದು ನೆನೆಯಿತು. ಸಿಕ್ಕಿದ್ದನ್ನೆಲ್ಲ ಒಟ್ಟಿಗೆ ಕುಯ್ದೆವು. ಒಂದೇ ಚೀಲದಲ್ಲಿ ನೀರು ಕುಡಿದು ಉಬ್ಬಿದ ಹಣ್ಣು, ಅರೆಮಾಗಿದ ಹಣ್ಣು, ಗಿಡದಲ್ಲೇ ಬಾಡಿದ್ದು. ಅಂಥ ಹಣ್ಣಿಗೆ ಯಾವ ಕಾರ್ಖಾನೆಯ ಸೆಟ್ಟಿಂಗ್? ಪಕ್ಕದ ತೋಟದ ಹೊಸ ಮೆಷಿನ್ ಅರೆಮಾಗಿದ ಹಣ್ಣನ್ನು ಬೀಜ ಸಮೇತ ಜಜ್ಜಿ ಹಾಕುತ್ತಿತ್ತು. ನಾನು ಆಚಾರ್ರಿಗೆ ಫೋನ್ ಮಾಡಿದೆ. ಅಷ್ಟರಲ್ಲಿ ಅವರು ದೂರದ ಕೆಲಸ ಬಿಟ್ಟಿದ್ದರು. ಫೋನಿನಲ್ಲೇ ‘ಸಿಪ್ಪೆ ಕಡೆ ಒಂದು ಬೊಗಸೆ ತೆಗೀರಿ, ಏನು ಕಾಣ್ತದೆ ಹೇಳಿ’ ಅಂದರು. ನಾನು ಹೇಳುತ್ತಾ ಹೋದೆ, ಅವರು ಸ್ಕ್ರೂ ಎಷ್ಟು ತಿರುಗಿಸಬೇಕೆಂದು ಹೇಳುತ್ತಾ ಹೋದರು. ಹಣ್ಣನ್ನು ಮೊದಲು ನೀರಿಗೆ ಹಾಕಿ ತೇಲಿದ್ದನ್ನು ಬೇರೆ ತೆಗೆಸಿ, ಅರೆಮಾಗಿದ್ದನ್ನು ಆರಿಸಿ ಚೆರಿಗೆ ಬಿಡಿ ಅಂತಲೂ ಅವರೇ ಹೇಳಿದ್ದು. ಪಕ್ಕದ ತೋಟದವರೂ ಅದನ್ನೇ ಮಾಡಿ ಉಳಿದುಕೊಂಡರು, ಹೊಸ ಮೆಷಿನ್ ಇಟ್ಟುಕೊಂಡೂ.

ಹಾಸನದ ಸರ್ವಿಸ್ ಎಂಜಿನಿಯರ್

ಆ ಜನವರಿ ನಾನೂ ಕಂಡಿದ್ದೇನೆ ಸರ್. ಹಣ್ಣು ಒಂದೇ ಸಮ ಇದ್ದರೆ ಮಾತ್ರ ನಮ್ಮ ಮೆಷಿನ್ ಒಂದೇ ಸಮ ಕೆಲಸ ಮಾಡುತ್ತೆ, ಅದು ನಿಜ. ಆ ಕೆಂಪು ಪುಸ್ತಕದ ಪುಟಗಳನ್ನು ಒಮ್ಮೆ ನೋಡುವ ಆಸೆ ನನಗಿದೆ.

ದಂಟರಮಕ್ಕಿಯ ನೆರೆಯವಳು

ನಾನು ಅವರ ಮನೆ ಪಕ್ಕದವಳು. ಪಲ್ಪರ್ ಬಗ್ಗೆ ನನಗೇನೂ ತಿಳಿಯದು. ಅವರು ದೂರದ ಕೆಲಸ ಯಾಕೆ ಬಿಟ್ಟರು ಅಂತ ಹೇಳ್ತೀನಿ.

ಮನೆಯಾಕೆಗೆ ಲಕ್ವ ಹೊಡೆದು ಎಡಗೈ, ಎಡಗಾಲು ಬಿದ್ದುಹೋಯಿತು. ಮಕ್ಕಳಿಬ್ಬರೂ ಮದುವೆಯಾಗಿ ಬೇರೆ ಊರಲ್ಲಿದ್ದರು, ಕರೆದುಕೊಂಡು ಹೋಗ್ತೀವಿ ಅಂದರು. ಆಕೆಗೆ ಮನೆ ಬಿಟ್ಟು ಬರೋ ಮನಸ್ಸಿಲ್ಲ. ಆಚಾರ್ರು ಅಂದಿನಿಂದ ಶೆಡ್ಡು ಬಿಟ್ಟು ಎಲ್ಲೂ ಹೋಗಲಿಲ್ಲ. ಮಂಚದಿಂದ ಬಚ್ಚಲಿಗೆ, ಬಚ್ಚಲಿಂದ ಅಡುಗೆಮನೆಗೆ, ಅಲ್ಲಿಂದ ತುಳಸಿಕಟ್ಟೆಗೆ ಗೋಡೆಗುಂಟ ಜಿ.ಐ. ಪೈಪಿನ ಹಿಡಿಕೆ ಹಾಕಿದರು. ಆಕೆಯನ್ನು ನಿಲ್ಲಿಸಿ, ಬಲಗೈ ಎಲ್ಲಿಗೆ ಬರುತ್ತೋ ಅಲ್ಲಿ ಸೀಮೆಸುಣ್ಣದ ಗುರುತು ಮಾಡಿಕೊಂಡು ಹಾಕಿದ್ದು. ಹೋಗುವಾಗ ಬಲಗೈ ಒಂದು ಗೋಡೆಗೆ, ಬರುವಾಗ ಇನ್ನೊಂದು ಗೋಡೆಗೆ, ಅದಕ್ಕೇ ಎರಡೂ ಕಡೆ. ಬೆಸುಗೆ ಹಾಕಿದ ಜಾಗವನ್ನೆಲ್ಲ ಅರದಲ್ಲಿ ಉಜ್ಜಿ, ತಮ್ಮ ಕೈಯನ್ನ ಪೈಪಿನ ಉದ್ದಕ್ಕೂ ಮತ್ತೆ ಮತ್ತೆ ಸವರಿಕೊಂಡು ನಡೆದು ನೋಡೋರು. ಎಲ್ಲಾದರೂ ತರಿ ಸಿಕ್ಕಿದರೆ ಮತ್ತೆ ಅರ.

ಕೈಕೂಸಿನಂತಾಗಿದ್ದ ಆ ಹೆಂಗಸು ಈಗ ಯಾರ ನೆರವೂ ಇಲ್ಲದೆ ಎದ್ದು ಬಂದು ತುಳಸಿಗೆ ನೀರು ಹಾಕ್ತಾಳೆ. ಅಡುಗೆಯನ್ನೂ ಆಚಾರ್ರೇ ಕಲಿತರು. ಅವರ ಕೈ ನುಚ್ಚಿನುಂಡೆ ಚೆನ್ನಾಗಿರ್ತಿತ್ತು, ಸಾರು ಮಾತ್ರ ಕೊನೇವರೆಗೂ ಖಾರ ಜಾಸ್ತಿಯೇ.

ಲೇತ್ ಶಿಷ್ಯ

ಆ ಹಿಡಿಕೆಗೆ ಗೋಡೆಗೆ ಕಚ್ಚೋ ಬ್ರಾಕೆಟ್ ಕಡೆದಿದ್ದು ನಾನು. ಮೊದಲು ಮಾಡಿದ್ದನ್ನ ಬೇಡ ಅಂದ್ರು, ಅಂಚು ಚೂಪು ಅಂತ. ‘ಅವಳು ಬಿದ್ದರೆ ಇದಕ್ಕೆ ತಲೆ ತಾಗುತ್ತೆ’ ಅಂದ್ರು. ಗುಂಡಗೆ ಮಾಡಿಕೊಟ್ಟೆ.

ಆಚಾರ್ರ ಹಿರಿಮಗಳು

ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆವು. ಬೆಲ್ಟಿನ ಜಾಲರಿ ಸಂಗತಿಯನ್ನು ಎರಡು ಸಲ ಓದಿಸಿದರು. ಸಾರಿನ ಖಾರದ ಮಾತಿಗೆ ನಕ್ಕರು.

ಪುಸ್ತಕದ ವಿಷಯ ಹೀಗೆ ತೀರ್ಮಾನ ಮಾಡಿದ್ದೀವಿ. ಮೂಲ ಪುಸ್ತಕ ಮನೆಯಲ್ಲೇ ಇರುತ್ತೆ. ನಿಮ್ಮ ತೋಟದ ಹೆಸರು, ಊರು ತಿಳಿಸಿದರೆ ನಿಮ್ಮ ಪುಟದ ಫೋಟೊ ಕಳಿಸ್ತೀವಿ. ಕೆಲವು ಪುಟಗಳಲ್ಲಿ ಬಾಕಿ ದುಡ್ಡಿನ ಲೆಕ್ಕವೂ ಇದೆ. ಅದನ್ನ ಯಾರೂ ಕೇಳೋದೂ ಬೇಡ, ಕೊಡೋದೂ ಬೇಡ ಅಂತ ಅಮ್ಮ ಹೇಳಿದ್ದಾರೆ. ಲೇತು, ಅಚ್ಚುಗಳು, ತಗಡು ಸುತ್ತುವ ಸಾಮಾನು ಎಲ್ಲ ಶಿಷ್ಯನಿಗೆ. ಅದು ಅಪ್ಪನೇ ಹೇಳಿದ್ದ ಮಾತು.

ಆಲ್ದೂರಿನ ಬೆಳೆಗಾರ

ಬಹಳ ಸರಿಯಾದ ತೀರ್ಮಾನ. ಶಿಷ್ಯ ಅವರೇ, ನಮ್ಮ ಪಲ್ಪರಿನ ತಗಡು ಈ ಸಲ ಬದಲಾಯಿಸಲೇಬೇಕು. ಎಡಗಡೆಯ ಬುಗುಟುಗಳು ಪೂರ್ತಿ ಸವೆದು ಮಟ್ಟಸವಾಗಿವೆ. ಯಾವಾಗ ಬರುತ್ತೀರಿ?

ಲೇತ್ ಶಿಷ್ಯ

ಎಡಗಡೆ ಮಾತ್ರ ಸವೆದಿದೆ ಅಂದ್ರೆ ಹಣ್ಣು ಸುರಿಯೋ ಹಾಪರಿಂದ ಒಂದೇ ಕಡೆ ಬೀಳ್ತಿದೆ ಸರ್. ತಗಡು ಹಾಕೋಕೆ ಮುಂಚೆ ಹಣ್ಣನ್ನ ಸಮನಾಗಿ ಒಳಗೆ ಬಿಡೋ ಫೀಡ್ ರೋಲರ್ ನೋಡ್ಬೇಕು, ಇಲ್ಲದಿದ್ರೆ ಹೊಸದೂ ಹಾಗೇ ಹೋಗುತ್ತೆ. ಮುಂದಿನ ವಾರ ಬಂದು ಅಳತೆ ತಗೊಂಡು ಹೋಗ್ತೀನಿ. ಬೇರೆ ಯಾರಿಗಾದ್ರೂ ತಗಡು, ಬುಶ್ ಕೆಲಸ ಇದ್ರೆ ಸೆಪ್ಟೆಂಬರ್ ಒಳಗೆ ಹೇಳಿ. ನವೆಂಬರಲ್ಲಿ ಹಣ್ಣು ಕುಯ್ದು ಗುಡ್ಡೆ ಹಾಕಿದ ಮೇಲೆ ಫೋನ್ ಮಾಡಿದ್ರೆ ನನ್ನಿಂದ ಆಗಲ್ಲ.